ಒಂದು ಸಿಮ್ ಕಾರ್ಡ್, ಎರಡು ಬಗೆಯ ಸುದ್ದಿ

2007ರ ಜುಲೈ ತಿಂಗಳ ಮೂರನೆಯ ವಾರದಲ್ಲಿ ನಮ್ಮ ಮಾಮೂ ಮನೆಮಂದಿಯ ಹಳೆಯ ಸಿಮ್ ಕಾರ್ಡುಗಳನ್ನೆಲ್ಲ ಕೇಳಿ ಪಡೆದು, ಅಜ್ಜಿಯ ಅಡಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿ ಬಚ್ಚಲೊಲೆಗೆ ಹಾಕಿದರು. ಏಳೋ ಎಂಟೋ ಇದ್ದವು. ಒಂದು ಮಾತ್ರ ಸಿಗಲಿಲ್ಲ. ಅದನ್ನು ನಾವು ಕೆಲಸಕ್ಕೆಂದು ಊರು ಬಿಡುವಾಗ ಗೆಳೆಯನೊಬ್ಬನಿಗೆ ಕೊಟ್ಟು ಬಂದಿದ್ದೆವು. ಅದರಲ್ಲಿ ನಲವತ್ತು ರೂಪಾಯಿ ಕರೆನ್ಸಿ ಉಳಿದಿತ್ತು. ‘ಯಾವ ಗೆಳೆಯ? ಈಗೆಲ್ಲಿದ್ದಾನೆ? ಅವನ ಜೊತೆಗಾರರು ಯಾರು?’ ಎಂದು ಮಾಮೂ ಕೇಳುತ್ತಲೇ ಹೋದರು. ನಮಗೆ ನಗು ಬಂತು. ಅವರು ನಗಲಿಲ್ಲ.

ಮಾಮೂ ನಿವೃತ್ತ ಶಾಲಾ ಮೇಷ್ಟ್ರು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಸೈಕಲ್ ಕಳುವಾದಾಗ. ಅಂಥವರನ್ನು ಅಷ್ಟು ಹೆದರಿಸಿದ್ದು ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಬೀಳುತ್ತಿದ್ದ ಪತ್ರಿಕೆ. ಅವರು ಎರಡು ಪತ್ರಿಕೆ ತರಿಸುತ್ತಿದ್ದರು. ಒಂದು ಕನ್ನಡದ್ದು, ಇನ್ನೊಂದು ಉರ್ದುವಿನದು. ಆ ತಿಂಗಳು ಎರಡರಲ್ಲೂ ಒಂದೇ ಮುಖ ಇರುತ್ತಿತ್ತು. ಅದು ಡಾ. ಮುಹಮ್ಮದ್ ಹನೀಫರ ಮುಖ.

ಹನೀಫ್ ಮೂಡಿಗೆರೆಯಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕೆಲವು ಕಾಲ ಇದ್ದು, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದ್ದರು. ಆಗ ಅವರಿಗೆ 27 ವರ್ಷ. 2007ರ ಜೂನ್ 30ರಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ಹನೀಫರಿಗೆ ದೂರದ ಸಂಬಂಧಿ. ಕಫೀಲನ ತಮ್ಮ ಸಬೀಲ್ ಲಿವರ್‌ಪೂಲ್‌ನಲ್ಲಿ ವೈದ್ಯನಾಗಿದ್ದ. ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಸಬೀಲನಿಗೆ ಕೊಟ್ಟಿದ್ದರು. ಅದರ ಯೋಜನೆಯಲ್ಲಿ ಇನ್ನಷ್ಟು ಮಾತಿನ ನಿಮಿಷಗಳು ಬಾಕಿಯಿದ್ದವು. ಜುಲೈ 2ರಂದು ಬೆಂಗಳೂರಿಗೆ ಹೊರಟಿದ್ದ ಹನೀಫರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಹನ್ನೆರಡು ದಿನ ಯಾವ ಆರೋಪವನ್ನೂ ಹೊರಿಸದೆ ಇಟ್ಟುಕೊಂಡು, ಜುಲೈ 14ರಂದು ಭಯೋತ್ಪಾದಕ ಸಂಘಟನೆಗೆ ಅಜಾಗರೂಕತೆಯಿಂದ ನೆರವಾದರು ಎಂಬ ಆರೋಪ ಹೊರಿಸಲಾಯಿತು. ನೆರವೆಂದರೆ ಆ ಸಿಮ್ ಕಾರ್ಡು. ಅದು ಗ್ಲಾಸ್ಗೋದಲ್ಲಿ ಉರಿಯುತ್ತಿದ್ದ ಜೀಪಿನೊಳಗೆ ಸಿಕ್ಕಿತೆಂದು ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ಹೇಳಿದರು.

ನಾವು ಕಥೆ ಬರೆಯುವವರು. ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಡುವಿನ ಗೆರೆಯನ್ನು ಓದುಗನೇ ಎಳೆದುಕೊಳ್ಳುತ್ತಾನೆಂಬುದು ನಮ್ಮ ಕಸುಬಿನ ಮೊದಲ ಪಾಠ. ಹನೀಫರ ಸುದ್ದಿ ನಿಂತಿದ್ದೂ ಅಂಥ ಎರಡು ವಿವರಗಳ ಮೇಲೆ: ಉರಿಯುವ ಜೀಪಿನಲ್ಲಿ ಸಿಕ್ಕ ಸಿಮ್ಮು, ಮತ್ತು ಹಿಂತಿರುಗುವ ಪ್ರಯಾಣವಿಲ್ಲದ ವಿಮಾನದ ಟಿಕೆಟ್ಟು. ಹೋಗುವುದಕ್ಕೆ ಮಾತ್ರ ಟಿಕೆಟ್ ಕೊಂಡವನು ಓಡಿಹೋಗುತ್ತಿದ್ದವನಲ್ಲದೆ ಇನ್ನೇನು? ಆದರೆ ಹನೀಫರ ಹೆಂಡತಿ ಬೆಂಗಳೂರಿನಲ್ಲಿದ್ದರು. ಬಂಧನಕ್ಕೆ ಆರು ದಿನ ಮೊದಲು, ಜೂನ್ 26ರಂದು, ಹೆಣ್ಣು ಮಗು ಹುಟ್ಟಿತ್ತು. ಟಿಕೆಟ್ ಕೊಡಿಸಿದ್ದು ಮಾವ. ಬಾಣಂತಿಯನ್ನೂ ಕೂಸನ್ನೂ ನೋಡಲು ಹೊರಟ ಅಳಿಯನಿಗೆ ಮಾವ ಟಿಕೆಟ್ ಕೊಡಿಸುವುದು, ವಾಪಸಾಗುವುದನ್ನು ಆಮೇಲೆ ನೋಡಿಕೊಳ್ಳೋಣವೆನ್ನುವುದು ನಮ್ಮ ಯಾವ ಊರಿನ ಯಾವ ಮನೆಯಲ್ಲೂ ವಿಶೇಷವಲ್ಲ. ಈ ವಿವರ ಮೊದಲ ದಿನಗಳ ವರದಿಗಳಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ. ಎಲ್ಲೋ ಕೊನೆಯ ಪ್ಯಾರಾದಲ್ಲಿ, ‘ಎಂದು ಕುಟುಂಬದವರು ಹೇಳಿಕೊಂಡಿದ್ದಾರೆ’ ಎಂಬ ಬಾಲದೊಂದಿಗೆ ಇರುತ್ತಿತ್ತು. ಪೊಲೀಸರು ‘ತಿಳಿಸಿದ್ದಾರೆ’, ಕುಟುಂಬದವರು ‘ಹೇಳಿಕೊಂಡಿದ್ದಾರೆ’. ಈ ಎರಡು ಕ್ರಿಯಾಪದಗಳ ನಡುವಿನ ದೂರವನ್ನು ಯಾರಾದರೂ ಅಳೆದಿದ್ದಾರೆಯೇ?

ಮಾಧ್ಯಮ ಕೆಟ್ಟಿತು, ಮಾಧ್ಯಮ ನಮ್ಮ ವೈರಿ ಎಂದು ಗೊಣಗುವುದು ನಮ್ಮ ಜನಕ್ಕೆ ಅಭ್ಯಾಸವಾಗಿದೆ. ಹನೀಫ್ ಪ್ರಕರಣ ಅಷ್ಟು ಸರಳವಲ್ಲ, ಏಕೆಂದರೆ ಅವರನ್ನು ಬಿಡಿಸಿದ್ದರಲ್ಲಿಯೂ ಪತ್ರಕರ್ತರ ಪಾಲು ದೊಡ್ಡದು. ಜುಲೈ 16ರಂದು ಬ್ರಿಸ್ಬೇನ್‌ನ ಮ್ಯಾಜಿಸ್ಟ್ರೇಟ್ ಜಾಕಿ ಪೇನ್ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ‘ನಡತೆ’ಯ ಕಾರಣ ಕೊಟ್ಟು ಹನೀಫರ ವೀಸಾ ರದ್ದು ಮಾಡಿದರು. ಅಂದರೆ ಜಾಮೀನು ಸಿಕ್ಕರೂ ಹೊರಗೆ ಬರುವಂತಿಲ್ಲ. ಆಗ ಹನೀಫರ ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಒಂದು ಸಾಹಸ ಮಾಡಿದರು. ಪೊಲೀಸರು ಹನೀಫರನ್ನು ಮೊದಲ ಸಲ ವಿಚಾರಿಸಿದ್ದರ 142 ಪುಟಗಳ ದಾಖಲೆಯನ್ನು ‘ದಿ ಆಸ್ಟ್ರೇಲಿಯನ್’ ಪತ್ರಿಕೆಯ ವರದಿಗಾರ ಹೆಡ್ಲಿ ಥಾಮಸ್‌ರಿಗೆ ಕೊಟ್ಟರು. ಜುಲೈ 18ರಂದು ಅದು ಅಚ್ಚಾಯಿತು.

ಜನ ಓದಿದರು. ಹನೀಫ್ ಟಿಕೆಟ್ಟಿನ ಬಗ್ಗೆ ವಿವರಣೆ ಕೊಡಲಿಲ್ಲವೆಂದು ಪೊಲೀಸರ ಪ್ರಮಾಣಪತ್ರ ಹೇಳುತ್ತಿತ್ತು. ದಾಖಲೆಯಲ್ಲಿ ಅವರು ಮಗುವಿನಿಂದ ಹಿಡಿದು ಮಾವನವರೆಗೆ ಎಲ್ಲವನ್ನೂ ಹೇಳಿದ್ದರು. ಲಿವರ್‌ಪೂಲ್‌ನಲ್ಲಿ ಕಫೀಲ್, ಸಬೀಲರ ಜೊತೆ ಒಂದೇ ಮನೆಯಲ್ಲಿದ್ದೆನೆಂದು ಹನೀಫ್ ಒಪ್ಪಿದ್ದಾರೆಂದು ಪ್ರಮಾಣಪತ್ರ ಹೇಳುತ್ತಿತ್ತು. ದಾಖಲೆಯಲ್ಲಿ ಆ ಮಾತೇ ಇರಲಿಲ್ಲ. ಎರಡು ದಿನ ಕಳೆದು, ಜುಲೈ 20ರಂದು, ಎಬಿಸಿ ರೇಡಿಯೊದ ವರದಿಗಾರ ರಫಾಯೆಲ್ ಎಪ್‌ಸ್ಟೀನ್ ಇನ್ನೊಂದು ಸುದ್ದಿ ಕೊಟ್ಟರು. ಸಿಮ್ ಕಾರ್ಡ್ ಜೀಪಿನಲ್ಲಿ ಇರಲೇ ಇಲ್ಲ. ಅದು ಸಿಕ್ಕಿದ್ದು ಗ್ಲಾಸ್ಗೋದಿಂದ 300 ಕಿಲೋಮೀಟರಿಗೂ ಹೆಚ್ಚು ದೂರದ ಲಿವರ್‌ಪೂಲ್‌ನಲ್ಲಿ, ಸಬೀಲನ ಬಳಿ. ಜುಲೈ 27ರಂದು ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. 29ರಂದು ಹನೀಫ್ ಬೆಂಗಳೂರಿನಲ್ಲಿದ್ದರು, ಮಗಳಿಗೆ ಒಂದು ತಿಂಗಳು ತುಂಬಿದ ಮೇಲೆ.

ಥಾಮಸ್ ಮಾಡಿದ್ದು ವಾದವಲ್ಲ. ಹನೀಫ್ ಒಳ್ಳೆಯವರು, ಮುಸ್ಲಿಮರೆಲ್ಲ ಶಾಂತಿಪ್ರಿಯರು ಎಂದು ಅವರು ಲೇಖನ ಬರೆಯಲಿಲ್ಲ. ಒಂದು ಕಾಗದವನ್ನು ಇನ್ನೊಂದು ಕಾಗದದ ಪಕ್ಕ ಇಟ್ಟರು, ಅಷ್ಟೆ. ಎಪ್‌ಸ್ಟೀನ್ ಕೇಳಿದ್ದೂ ಯಾವ ಹಳ್ಳಿಯ ಮುದುಕಿಯೂ ಕೇಳಬಹುದಾದ ಪ್ರಶ್ನೆ: ಆ ವಸ್ತು ಸಿಕ್ಕಿದ್ದೆಲ್ಲಿ? ಆರು ದಿನಗಳವರೆಗೆ ಜಗತ್ತಿನ ನೂರಾರು ಪತ್ರಿಕೆಗಳು ಅದನ್ನು ಕೇಳದೆ ಕಳೆದವು. ಥಾಮಸ್‌ರಿಗೆ ಆ ವರ್ಷ ಆಸ್ಟ್ರೇಲಿಯಾದ ಪತ್ರಕರ್ತರ ಅತ್ಯುನ್ನತ ಗೌರವವಾದ ಗೋಲ್ಡ್ ವಾಕ್ಲಿ ಬಂತು. ಕೀಮ್ ಮೇಲೆ ಪೊಲೀಸ್ ಆಯುಕ್ತರೇ ದೂರು ಕೊಟ್ಟರು, ಅದು ನಿಲ್ಲಲಿಲ್ಲ. ‘ದಿ ಆಸ್ಟ್ರೇಲಿಯನ್’ ಅಂದಿನ ಜಾನ್ ಹೋವರ್ಡ್ ಸರ್ಕಾರದ ವೈರಿಪತ್ರಿಕೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಅದರ ಒಡೆಯ ರೂಪರ್ಟ್ ಮರ್ಡೋಕ್. ಅದೇ ಒಡೆತನದ ಭಾನುವಾರದ ಪತ್ರಿಕೆಗಳು ಜುಲೈ 22ರಂದು, ಅಂದರೆ ಸಿಮ್ಮಿನ ಸತ್ಯ ಹೊರಬಿದ್ದ ಮೇಲೂ, ಗೋಲ್ಡ್ ಕೋಸ್ಟಿನ ಗಗನಚುಂಬಿ ಕಟ್ಟಡವೊಂದನ್ನು ಉರುಳಿಸುವ ಸಂಚಿನ ಬಗ್ಗೆ ಹನೀಫರ ಹೆಸರು ಸೇರಿಸಿ ಬರೆದವು. ಅದು ಸರಿಯಲ್ಲವೆಂದು ಸ್ವತಃ ಪೊಲೀಸ್ ಆಯುಕ್ತ ಮಿಕ್ ಕೀಲ್ಟಿ ಹೇಳಬೇಕಾಯಿತು. ಒಂದೇ ಮನೆಯಿಂದ ಎರಡು ಬಗೆಯ ಸುದ್ದಿ. ಆದ್ದರಿಂದ ಪತ್ರಿಕೆಯ ಹೆಸರು ಹಿಡಿದು ಒಳ್ಳೆಯದು ಕೆಟ್ಟದ್ದೆಂದು ವಿಂಗಡಿಸುವುದು ನಮಗೆ ಪ್ರಯೋಜನದ ಕೆಲಸವಾಗಿ ಕಾಣುವುದಿಲ್ಲ.

ಸರ್ಕಾರ ಅಷ್ಟು ಧೈರ್ಯವಾಗಿ ವೀಸಾ ರದ್ದು ಮಾಡಿದ್ದರ ಹಿಂದೆ ಆರು ವರ್ಷಗಳ ಹದಗೊಳಿಸಿದ ನೆಲವಿತ್ತು. 2001ರ ಅಕ್ಟೋಬರ್ 7ರಂದು, ಚುನಾವಣೆಗೆ ತಿಂಗಳೊಂದು ಉಳಿದಿರುವಾಗ, ಆಶ್ರಯ ಕೋರಿ ದೋಣಿಯಲ್ಲಿ ಬರುತ್ತಿದ್ದ ಬಹುಪಾಲು ಇರಾಕಿನ ಜನ ತಮ್ಮ ಮಕ್ಕಳನ್ನೇ ಸಮುದ್ರಕ್ಕೆ ಎಸೆದರೆಂದು ಆಸ್ಟ್ರೇಲಿಯಾದ ಅಂದಿನ ವಲಸೆ ಸಚಿವರು ಹೇಳಿದರು. ಎರಡು ಮೂರು ದಿನಗಳಲ್ಲಿ ಫೋಟೋಗಳೂ ಬಂದವು. ನೀರಿನಲ್ಲಿ ಮಕ್ಕಳು, ಅವರನ್ನು ಹಿಡಿದ ನೌಕಾ ಸಿಬ್ಬಂದಿ. ಫೋಟೋ ನಿಜವಾದದ್ದೇ. ಆದರೆ ಅದು ಮರುದಿನ ದೋಣಿ ಮುಳುಗಿದಾಗ ಸಿಬ್ಬಂದಿ ನೀರಿಗೆ ಧುಮುಕಿ ಜನರನ್ನು ಕಾಪಾಡಿದ್ದರ ಫೋಟೋ. ಕೆಳಗಿನ ಒಂದು ಸಾಲು ಬದಲಾಗಿ, ಮಕ್ಕಳ ಜೀವ ಉಳಿದದ್ದರ ಚಿತ್ರ ಮಕ್ಕಳನ್ನು ಎಸೆದದ್ದಕ್ಕೆ ಸಾಕ್ಷಿಯಾಯಿತು. ನವೆಂಬರ್ 10ರಂದು ಹೋವರ್ಡ್ ಗೆದ್ದರು. ಯಾವ ಮಗುವನ್ನೂ ಯಾರೂ ಎಸೆದಿರಲಿಲ್ಲವೆಂದು ಸೆನೆಟ್ ಸಮಿತಿ ಹೇಳುವಾಗ 2002ರ ಅಕ್ಟೋಬರ್ ಆಗಿತ್ತು.

ಆಮೇಲೆ 2005ರ ಡಿಸೆಂಬರ್ 11. ಸಿಡ್ನಿಯ ಕ್ರೊನುಲ್ಲಾ ಕಡಲತೀರದಲ್ಲಿ ಸುಮಾರು 5,000 ಜನ ಸೇರಿ, ಅರಬ್ ಚಹರೆಯವರೆಂದು ಕಂಡವರನ್ನು ಅಟ್ಟಿಸಿಕೊಂಡು ಹೊಡೆದರು. ಅದಕ್ಕೆ ಒಂದು ವಾರ ಮೊದಲು ಅಲ್ಲಿ ಜೀವರಕ್ಷಕರಿಗೂ ಕೆಲವು ಯುವಕರಿಗೂ ಹೊಡೆದಾಟವಾಗಿತ್ತು. ಜನ ಸೇರಬೇಕೆಂಬ ಮೊಬೈಲ್ ಸಂದೇಶ ಊರೆಲ್ಲ ಸುತ್ತುತ್ತಿತ್ತು. ರೇಡಿಯೊದ ಖ್ಯಾತ ಮಾತುಗಾರ ಅಲನ್ ಜೋನ್ಸ್ ಅದನ್ನು ತಮ್ಮ ಕಾರ್ಯಕ್ರಮದಲ್ಲಿ ಓದಿದರು. ಅವರ ಆ ವಾರದ ಮಾತುಗಳು ಹಿಂಸೆಗೆ ಪ್ರೇರಣೆಯಾಗುವಂತಿದ್ದವೆಂದು ಅಲ್ಲಿನ ಪ್ರಸಾರ ಪ್ರಾಧಿಕಾರ ತೀರ್ಮಾನಿಸಿದ್ದು 2007ರ ಏಪ್ರಿಲ್‌ನಲ್ಲಿ, ಹನೀಫರ ಬಂಧನಕ್ಕೆ ಮೂರು ತಿಂಗಳು ಮುಂಚೆ. ಇಂಥ ನೆಲದಲ್ಲಿ ಒಬ್ಬ ಮುಸ್ಲಿಮ್ ವೈದ್ಯ, ಒಂದು ಸಿಮ್ಮು, ಒಂದು ಟಿಕೆಟ್ಟು ಸಿಕ್ಕರೆ ಪುರಾವೆಯನ್ನು ಯಾರು ಕಾಯುತ್ತಾರೆ? 2007ರಲ್ಲೂ ಚುನಾವಣೆ ಹತ್ತಿರದಲ್ಲಿತ್ತು. ಈ ಸಲ ಹೋವರ್ಡ್ ಸೋತರು, ಸ್ವಂತ ಕ್ಷೇತ್ರದಲ್ಲೂ ಸೋತರು. ಅದಕ್ಕೆ ಹನೀಫ್ ಕಾರಣವೆಂದು ಯಾರೂ ಹೇಳಲಾರರು. ಮತದಾರನಿಗೆ ಅವನದೇ ಚಿಂತೆಗಳಿದ್ದವು.

ಇನ್ನು ನಮ್ಮ ಊರಿಗೆ ಬರೋಣ. ಸಿಡ್ನಿಯ ಪತ್ರಿಕೆಗಳು ಮಾಡಲಾಗದ ಒಂದು ಕೆಲಸವನ್ನು ಕನ್ನಡ ಪತ್ರಿಕೆಗಳು ಮಾಡಬಲ್ಲವು. ಇಂಗ್ಲಿಷಿನಲ್ಲಿ ಬಂಧಿತನಿಗೂ ಬಂಧಿಸಿದವನಿಗೂ ಸರ್ವನಾಮ ಒಂದೇ. ಕನ್ನಡದಲ್ಲಿ ಹಾಗಲ್ಲ. ಜೂನ್‌ವರೆಗೆ ‘ವೈದ್ಯರಾಗಿ ಸೇವೆ ಸಲ್ಲಿಸುತ್ತಿದ್ದರು’ ಎಂದಿರಬೇಕಾದ ಮನುಷ್ಯ ಜುಲೈ ಮೂರರಂದು ‘ಈತ’ ಆಗುತ್ತಾನೆ. ‘ಈತ ಮೂಡಿಗೆರೆಯವನು.’ ‘ಈತನ ತಂದೆ ಶಿಕ್ಷಕನಾಗಿದ್ದ.’ ತೀರಿಹೋದ ತಂದೆಯ ಬಹುವಚನವೂ ಮಗನ ಜೊತೆ ಹೋಯಿತು! ಬಹುವಚನವನ್ನು ಕಿತ್ತುಕೊಳ್ಳಲು ನ್ಯಾಯಾಲಯದ ಅಪ್ಪಣೆ ಬೇಕಿಲ್ಲ. ರಾತ್ರಿ ಪಾಳಿಯ ಉಪಸಂಪಾದಕನೊಬ್ಬ ಸಾಕು. ಬಿಡುಗಡೆಯಾದ ಮೇಲೆ ಹನೀಫ್ ಮತ್ತೆ ‘ಅವರು’ ಆದರು, ನಿಜ. ಆದರೆ ಆ ನಾಲ್ಕು ವಾರ ಏಕವಚನದಲ್ಲಿ ಓದಿದ ಕಿವಿಗೆ ಈ ಬಹುವಚನ ದಾಕ್ಷಿಣ್ಯದಂತೆ ಕೇಳಿಸುತ್ತದೆ. ಬಂಧಿತ ದೊಡ್ಡ ರಾಜಕಾರಣಿಯಾದರೆ ಕನ್ನಡ ಪತ್ರಿಕೆ ಹೀಗೆ ಮಾಡುವುದಿಲ್ಲ. ಕೋಟಿಗಟ್ಟಲೆ ನುಂಗಿದ ಆರೋಪವಿದ್ದರೂ ಅವರು ಜೈಲಿಗೆ ‘ತೆರಳಿದರು’, ಅಲ್ಲಿ ಮುದ್ದೆ ‘ಸೇವಿಸಿದರು’. ಹಾಗಾದರೆ ಇದು ವ್ಯಾಕರಣದ ಮಾತಲ್ಲ.

ಈ ಲೇಖನದಲ್ಲಿ ನಾವೂ ಕಫೀಲನನ್ನು ಏಕವಚನದಲ್ಲೇ ಬರೆದಿದ್ದೇವೆ. ಓದುಗರು ಗಮನಿಸಿರಬಹುದು. ಆತ ಮಾಡಿದ್ದನ್ನು ಹಾಡಹಗಲೇ ಜನ ಕಂಡರು. ಸುಟ್ಟಗಾಯಗಳಿಂದ ಆಗಸ್ಟ್ 2ರಂದು ಸತ್ತ. ಇಲ್ಲಿ ನಮ್ಮ ಉರ್ದು ಪತ್ರಿಕೆಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಉರ್ದುವಿನಲ್ಲಿ ‘ಮುಲ್ಜಿಮ್’ ಬೇರೆ, ‘ಮುಜ್ರಿಮ್’ ಬೇರೆ. ಒಬ್ಬ ಆರೋಪ ಹೊತ್ತವನು, ಇನ್ನೊಬ್ಬ ಅಪರಾಧ ಸಾಬೀತಾದವನು. ಉರ್ದು ಶಾಲೆಯ ಮೇಷ್ಟ್ರುಗಳು ಈ ವ್ಯತ್ಯಾಸವನ್ನು ಕಿವಿ ಹಿಂಡಿ ಕಲಿಸುತ್ತಿದ್ದರು. ಆದರೆ ನಮ್ಮ ಮನೆಗೆ ಬರುತ್ತಿದ್ದ ಉರ್ದು ಪತ್ರಿಕೆ ಮೊದಲ ದಿನದಿಂದಲೇ ಹನೀಫರನ್ನು ‘ಬೇಗುನಾಹ್’ ಎಂದು ಬರೆಯಿತು. ಅದು ಆಮೇಲೆ ನಿಜವೇ ಆಯಿತು. ಆದರೆ ಆ ದಿನ ಅದನ್ನು ಬರೆದವರಿಗೆ ಪುರಾವೆ ಗೊತ್ತಿರಲಿಲ್ಲ, ಹೆಸರು ಮಾತ್ರ ಗೊತ್ತಿತ್ತು. ಕನ್ನಡ ಪತ್ರಿಕೆಗೂ ಗೊತ್ತಿದ್ದದ್ದು ಹೆಸರು ಮಾತ್ರ. ಕಫೀಲನ ಬಗ್ಗೆ ಉರ್ದು ಪತ್ರಿಕೆ ಬರೆದದ್ದು ತೀರಾ ಕಡಿಮೆ. ಬರೆದಾಗಲೂ ಯಾರದೋ ಪಿತೂರಿಯ ಸುಳಿವು ಕೊಟ್ಟು ಜಾರಿಕೊಂಡಿತು. ನಮ್ಮದೇ ಊರಿನ, ಓದಿದ, ಮಾತುಕತೆಯಲ್ಲಿ ಸೌಮ್ಯನಾಗಿದ್ದ ಎಂಜಿನಿಯರೊಬ್ಬ ಉರಿಯುವ ಜೀಪು ಓಡಿಸುವಷ್ಟು ದೂರ ಹೇಗೆ ಹೋದ ಎಂಬ ಪ್ರಶ್ನೆಯನ್ನು ಯಾರಾದರೂ ಉರ್ದುವಿನಲ್ಲಿ ಕೇಳಬೇಕಿತ್ತು. ಮಾಮೂ ಎರಡು ಪತ್ರಿಕೆಗಳನ್ನೂ ಓದಿ ಎರಡರಿಂದಲೂ ಹೆದರಿದರು. ಒಂದು ಪತ್ರಿಕೆ ಎಲ್ಲರೂ ಸಂಚುಕೋರರೆಂದಿತು, ಇನ್ನೊಂದು ಎಲ್ಲರ ವಿರುದ್ಧವೂ ಸಂಚಿದೆ ಎಂದಿತು. ಅಡಕತ್ತರಿ ಹೊರಬಂದದ್ದರಲ್ಲಿ ಏನಾಶ್ಚರ್ಯ!

ಆ ವರ್ಷಗಳಲ್ಲಿ ಕನ್ನಡದಲ್ಲಿ ಇಡೀ ದಿನ ಸುದ್ದಿ ಬಿತ್ತರಿಸುವ ವಾಹಿನಿಗಳು ಬೆರಳೆಣಿಕೆಯಷ್ಟಿದ್ದವು. ಐದು ವರ್ಷ ಕಳೆದು 2012ರ ಆಗಸ್ಟ್ ಕೊನೆಯಲ್ಲಿ ‘ಡೆಕ್ಕನ್ ಹೆರಾಲ್ಡ್’ನ ವರದಿಗಾರ ಮುತೀಉರ್ರಹ್ಮಾನ್ ಸಿದ್ದೀಕಿಯವರನ್ನು ಇತರ ಕೆಲವು ಯುವಕರೊಂದಿಗೆ ಭಯೋತ್ಪಾದನೆಯ ಆರೋಪದಲ್ಲಿ ಬಂಧಿಸಿದಾಗ ವಾಹಿನಿಗಳು ಸಾಕಷ್ಟಾಗಿದ್ದವು. ಆರು ತಿಂಗಳು ಜೈಲಿನಲ್ಲಿದ್ದ ಮೇಲೆ, ರಾಷ್ಟ್ರೀಯ ತನಿಖಾ ದಳಕ್ಕೆ ಅವರ ವಿರುದ್ಧ ಸಾಕ್ಷ್ಯ ಸಿಗದೆ, 2013ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಹೊರಬಂದ ಮೇಲೆ ಅವರು ತಮ್ಮದೇ ವೃತ್ತಿಬಾಂಧವರ ಎದುರು ಕುಳಿತು, ಮಾಧ್ಯಮ ನಡೆದುಕೊಂಡ ರೀತಿ ಸರಿಯಿರಲಿಲ್ಲ ಎಂದು ಹೇಳಿದರು. ಹನೀಫರಿಗೆ ಸುದ್ದಿಮನೆ ಅಪರಿಚಿತ ಲೋಕ. ಸಿದ್ದೀಕಿಯವರು ಅದೇ ಸುದ್ದಿಮನೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದವರು. ಅವರ ಹೆಸರಿನ ಹಿಂದೆಯೂ ‘ಸೂತ್ರಧಾರ’ ಎಂಬ ಶಬ್ದ ಸಲೀಸಾಗಿ ಬಂದು ಕುಳಿತಿತ್ತು. ಮೂಲಗಳು ತಿಳಿಸಿವೆ, ಎಂದರು. ಯಾವ ಮೂಲ, ಅದಕ್ಕೆ ಕಾಗದವಿದೆಯೇ ಎಂದು ಕೇಳುವ ಒಬ್ಬ ಹೆಡ್ಲಿ ಥಾಮಸ್ ಬೆಂಗಳೂರಿನಲ್ಲಿ ಆಗ ಕಾಣಲಿಲ್ಲ.

2020ರ ಏಪ್ರಿಲ್‌ನ ನೆನಪು ಎಲ್ಲರಿಗೂ ಇದೆ; ಹೆಚ್ಚು ಬರೆಯಬೇಕಿಲ್ಲ. ದೆಹಲಿಯ ತಬ್ಲೀಗಿ ಮರ್ಕಜ್ ಸುದ್ದಿಯಾದ ಮೇಲೆ ‘ಕೊರೋನಾ ಜಿಹಾದ್’ ಎಂಬ ಮಾತು ಹುಟ್ಟಿತು. ನಮ್ಮ ಬೀದಿಗೆ ಹದಿನೈದು ವರ್ಷದಿಂದ ಹಣ್ಣಿನ ತಳ್ಳುಗಾಡಿ ತರುತ್ತಿದ್ದವನಿಗೆ ಆ ತಿಂಗಳು ಜನ ಹೆಸರು ಕೇಳಿದರು. ಹದಿನೈದು ವರ್ಷ ಅವನ ಹೆಸರು ಯಾರಿಗೂ ಬೇಕಿರಲಿಲ್ಲ, ‘ಹಣ್ಣಿನವನು’ ಎಂದರೆ ಸಾಕಿತ್ತು. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡಿ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತೆಂದಿತು. 2021ರ ಜೂನ್‌ನಲ್ಲಿ ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರವು ಇದೇ ವಿಷಯದ ಕಾರ್ಯಕ್ರಮಗಳಿಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ವಿದೇಶಿಯರಿಗೆ ಆಶ್ರಯ ಕೊಟ್ಟರೆಂದು ಮೊಕದ್ದಮೆ ಎದುರಿಸುತ್ತಿದ್ದ 70 ಭಾರತೀಯರ ಮೇಲಿನ ಆರೋಪಪಟ್ಟಿಗಳನ್ನು ದೆಹಲಿ ಹೈಕೋರ್ಟ್ ರದ್ದುಗೊಳಿಸಿದ್ದು 2025ರ ಜುಲೈನಲ್ಲಿ. ಐದು ವರ್ಷ! ವಾಹಿನಿಯ ಒಂದು ರಾತ್ರಿಯ ಜಾಹೀರಾತಿನ ಆದಾಯದ ಮುಂದೆ ಆ ದಂಡದ ಮೊತ್ತ ಎಷ್ಟು ಎಂಬ ಲೆಕ್ಕವನ್ನು ಓದುಗರಿಗೇ ಬಿಡುತ್ತೇವೆ. ಆದರೂ ಆ ದಂಡವನ್ನು ನಾವು ಹಗುರವಾಗಿ ಕಾಣುವುದಿಲ್ಲ. ದೂರು ಕೊಟ್ಟವರು ಬೆಂಗಳೂರಿನ ಕೆಲವು ನಾಗರಿಕರು. ಅವರು ಬೈಯುತ್ತ ಕೂರಲಿಲ್ಲ. ಯಾವ ದಿನ, ಯಾವ ಕಾರ್ಯಕ್ರಮ, ಯಾವ ಮಾತು ಎಂದು ದಾಖಲಿಸಿ ಪ್ರಾಧಿಕಾರಕ್ಕೆ ಒಪ್ಪಿಸಿದರು. ಕಾಗದದ ಪಕ್ಕ ಕಾಗದ ಇಡುವ ಆ ಬ್ರಿಸ್ಬೇನಿನ ಕೆಲಸವೇ ಇದೂ.

ಹನೀಫರ ಕಥೆಯ ಕೊನೆಯ ಭಾಗ ಕನ್ನಡದಲ್ಲಿ ಹೆಚ್ಚು ಜನ ಓದಲಿಲ್ಲವೆಂದು ನಮ್ಮ ಅನಿಸಿಕೆ. ವೀಸಾ ರದ್ದತಿಯನ್ನು 2007ರ ಆಗಸ್ಟ್ 21ರಂದು ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ಹೊಸ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ವಿಚಾರಣೆ ನಡೆಸಿದರು. ಹನೀಫರ ವಿರುದ್ಧ ಯಾವ ಸಾಕ್ಷ್ಯವೂ ಇರಲಿಲ್ಲ ಎಂಬ ಅವರ ವರದಿ 2008ರ ಡಿಸೆಂಬರ್ 23ರಂದು ಹೊರಬಂತು. 2010ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು. ಮೊತ್ತ ಗುಟ್ಟಾಗಿಯೇ ಉಳಿಯಿತು. ಸಬೀಲ್ ಕೂಡ ದಾಳಿಯಲ್ಲಿ ಪಾಲುಗೊಂಡವನೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಅಣ್ಣನ ವಿಷಯದಲ್ಲಿ ಗೊತ್ತಿದ್ದ ಮಾಹಿತಿಯನ್ನು ಪೊಲೀಸರಿಗೆ ತಿಳಿಸಲಿಲ್ಲವೆಂಬ ತಪ್ಪನ್ನು 2008ರಲ್ಲಿ ಒಪ್ಪಿಕೊಂಡು, ಶಿಕ್ಷೆಯ ಅವಧಿ ಆಗಲೇ ಮುಗಿದಿದ್ದರಿಂದ ಭಾರತಕ್ಕೆ ಬಂದ.

ಕ್ಲಾರ್ಕ್ ವರದಿಯ ಸುದ್ದಿಯನ್ನು ನಾವು ಮಾಮೂಗೆ ಫೋನಿನಲ್ಲಿ ಹೇಳಿದೆವು. ‘ಪೇಪರಲ್ಲಿ ಬಂದಿದೆಯಾ?’ ಎಂದರು. ಬಂದಿದೆ, ಒಳಪುಟದಲ್ಲಿ ಎಂದೆವು. ಒಂದು ಗಳಿಗೆ ಸುಮ್ಮನಿದ್ದು, ‘ನಿನ್ನ ಆ ಗೆಳೆಯ ಸಿಕ್ಕಿದನಾ?’ ಎಂದು ಕೇಳಿದರು.